ಕ್ಲೌಡ್ ಲೆಕ್ಕಕ್ಕೂ ಬೇಕು ಅಳತೆ ಪುಸ್ತಕ

ಸರ್ಕಾರಿ ಕಾಮಗಾರಿಯ ಬಿಲ್ಲು ಪಾವತಿಯಾಗಬೇಕಾದರೆ ಎಂಜಿನಿಯರ್ ಸ್ಥಳದಲ್ಲೇ ಅಳೆದು ಅಳತೆ ಪುಸ್ತಕದಲ್ಲಿ ದಾಖಲಿಸಿರಬೇಕು. ಗುತ್ತಿಗೆದಾರ ಹೇಳಿದ್ದೇ ಅಂತಿಮವಲ್ಲ ಎಂಬುದು ಈ ಪದ್ಧತಿಯ ತಿರುಳು. ಆಚರಣೆಯಲ್ಲಿ ಲೋಪಗಳಿರಬಹುದು, ತತ್ವ ಮಾತ್ರ ಸರಿಯಾದುದು. ಕಂಪ್ಯೂಟರ್ ಸಾಮರ್ಥ್ಯವನ್ನು ಬಾಡಿಗೆಗೆ ಪಡೆಯುವ ಕ್ಲೌಡ್ ಸೇವೆಯ ವಿಷಯದಲ್ಲಿ ಈ ತತ್ವವನ್ನು ನಾವು ಮರೆಯುವ ಅಪಾಯವಿದೆ.

ಅಮೆಜಾನ್ 2006ರಲ್ಲಿ ‘ಬಳಸಿದಷ್ಟಕ್ಕೆ ಹಣ’ ಎಂಬ ಕರಾರಿನ ಮೇಲೆ ಈ ಸೇವೆಯ ಮಾರಾಟ ಆರಂಭಿಸಿತು. ಗಂಟೆಗಳ ಲೆಕ್ಕದಲ್ಲಿದ್ದ ಸರ್ವರ್ ಬಾಡಿಗೆ 2017ರಲ್ಲಿ ಸೆಕೆಂಡುಗಳ ಲೆಕ್ಕಕ್ಕೆ ಇಳಿಯಿತು. ಭಾರತ ಸರ್ಕಾರವೂ ‘ಮೇಘರಾಜ್’ ಯೋಜನೆಯಡಿ 2014ರಲ್ಲಿ ರಾಷ್ಟ್ರೀಯ ಕ್ಲೌಡ್‌ಗೆ ಚಾಲನೆ ನೀಡಿತು. ತರುವಾಯ ಖಾಸಗಿ ಸೇವಾದಾರರಿಗೂ ಮಾನ್ಯತೆ ಕೊಟ್ಟಿತು. ಸರ್ವರ್‌ಗಳನ್ನು ಖರೀದಿಸುತ್ತಿದ್ದಾಗ ವೆಚ್ಚ ಎಷ್ಟೆಂಬುದು ಟೆಂಡರ್ ಅಂತಿಮಗೊಂಡಾಗಲೇ ಬಹುಮಟ್ಟಿಗೆ ತಿಳಿಯುತ್ತಿತ್ತು. ಬಾಡಿಗೆಯಲ್ಲಿ ಅದು ದಿನದಿನವೂ ಏರಿಳಿಯುತ್ತದೆ. ಪರೀಕ್ಷಾ ಫಲಿತಾಂಶದ ದಿನ ಬಳಕೆ ಹಠಾತ್ತನೆ ಹೆಚ್ಚುತ್ತದೆ; ಕೆಲಸ ಮುಗಿದರೂ ನಿಲ್ಲಿಸಲು ಮರೆತ ಸರ್ವರ್‌ನ ಬಾಡಿಗೆ ಓಡುತ್ತಲೇ ಇರುತ್ತದೆ.

ಬಳಕೆಯ ಮೇಲೆ ಕಣ್ಣಿಡಲು ಸಾಧನವಿಲ್ಲವೆಂದಲ್ಲ. ಒಂದು ತಂತ್ರಾಂಶವು ಇನ್ನೊಂದರಿಂದ ನೇರವಾಗಿ ಮಾಹಿತಿ ಪಡೆಯುವ ದ್ವಾರಕ್ಕೆ ಎಪಿಐ ಎನ್ನುತ್ತಾರೆ. ಅಮೆಜಾನ್ 2017ರಲ್ಲಿ ತೆರೆದ ಇಂಥ ದ್ವಾರದ ಮೂಲಕ ಈವರೆಗಿನ ಖರ್ಚನ್ನೂ ಮುಂಬರುವ ತಿಂಗಳುಗಳ ಅಂದಾಜನ್ನೂ ಈಗ ಪಡೆಯಬಹುದು. ಪ್ರತಿ ಕೋರಿಕೆಗೆ ಶುಲ್ಕ ಅಮೆರಿಕದ ಒಂದು ಸೆಂಟ್.

ಆದರೆ ಇದರ ಮಿತಿಗಳನ್ನು ಅರಿಯಬೇಕು. ಮಾಹಿತಿ ತತ್‌ಕ್ಷಣದ್ದಲ್ಲ, ಒಂದು ದಿನದಷ್ಟು ತಡವಾಗಿ ಬರಬಹುದು. ತಿಂಗಳ ಬಿಲ್ಲು ಅಂತಿಮಗೊಳ್ಳುವವರೆಗೆ ಕಾಣುವ ಮೊತ್ತ ಅಂದಾಜು ಮಾತ್ರ. ಮುನ್ನಂದಾಜಿಗೆ ಹಿಂದಿನ ಬಳಕೆಯೇ ಆಧಾರ. ನಾಳೆ ಇಲಾಖೆ ಹೊಸ ಯೋಜನೆ ಘೋಷಿಸಲಿದೆ ಎಂಬುದು ಅದಕ್ಕೆ ತಿಳಿಯದು. ಎಲ್ಲಕ್ಕಿಂತ ಮುಖ್ಯವಾಗಿ, ಮೀಟರ್ ಮಾರುವವನದೇ. ಕಿರಾಣಿ ಅಂಗಡಿಯ ತಕ್ಕಡಿಗೂ ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು; ಈ ಮೀಟರಿಗೆ ಅಂಥ ಮುದ್ರೆಯಿಲ್ಲ. ಸೇವಾದಾರರು ವಂಚಿಸುತ್ತಾರೆ ಎಂಬುದು ಇದರ ಅರ್ಥವಲ್ಲ. ಪರಿಶೀಲಿಸದೆ ಪಾವತಿಸುವುದು ಸಾರ್ವಜನಿಕ ಹಣಕಾಸಿನ ಶಿಸ್ತಲ್ಲ ಎಂಬುದಷ್ಟೇ ವಾದ.

ಪರಿಹಾರ ದುಬಾರಿಯದೇನಲ್ಲ. ಯಾವ ಸರ್ವರ್ ಎಷ್ಟು ಹೊತ್ತು ನಡೆಯಿತು, ಎಷ್ಟು ದತ್ತಾಂಶ ಸಂಗ್ರಹವಾಯಿತು ಎಂಬುದನ್ನು ಇಲಾಖೆಯೇ ದಾಖಲಿಸಿ, ಕರಾರಿನ ದರದಿಂದ ಗುಣಿಸಿ, ಎಪಿಐ ಕೊಡುವ ಲೆಕ್ಕದೊಂದಿಗೆ ವಾರಕ್ಕೊಮ್ಮೆ ತಾಳೆ ನೋಡಬೇಕು. ವ್ಯತ್ಯಾಸಕ್ಕೆ ಉತ್ತರಿಸುವ ಹೊಣೆಯನ್ನು ನಿರ್ದಿಷ್ಟ ಅಧಿಕಾರಿಗೆ ವಹಿಸಬೇಕು. ಬೇರೆ ಬೇರೆ ಸೇವಾದಾರರ ಬಿಲ್ಲುಗಳನ್ನು ಒಂದೇ ನಮೂನೆಗೆ ತರುವ ‘ಫೋಕಸ್’ ಎಂಬ ಮುಕ್ತ ಮಾನದಂಡದ ಮೊದಲ ಪೂರ್ಣ ಆವೃತ್ತಿ 2024ರಲ್ಲಿ ಹೊರಬಂದಿದೆ. ಟೆಂಡರ್ ಷರತ್ತುಗಳಲ್ಲಿ ಅದನ್ನು ಕಡ್ಡಾಯಗೊಳಿಸಬಹುದು.

ಆಯವ್ಯಯ ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವಿಕ ವೆಚ್ಚ, ಈ ಮೂರನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದು ನಮ್ಮ ಆಡಳಿತಕ್ಕೆ ಹೊಸದಲ್ಲ. ವರ್ಷಕ್ಕೊಮ್ಮೆ ನಡೆಯುವ ಈ ಕೆಲಸ ಕ್ಲೌಡ್ ಯುಗದಲ್ಲಿ ವಾರಕ್ಕೊಮ್ಮೆ ನಡೆಯಬೇಕಾಗಿದೆ. ಲೆಕ್ಕ ಸಿಗುವುದು ಬೇರೆ, ಲೆಕ್ಕ ನೋಡುವುದು ಬೇರೆ. ಮೊದಲನೆಯದನ್ನು ತಂತ್ರಜ್ಞಾನ ಮಾಡಿಕೊಡುತ್ತದೆ. ಎರಡನೆಯದನ್ನು ನಾವೇ ಮಾಡಬೇಕು.