ಸರಕಿಗೆ ಹೆಸರಿಡುವ ಮುನ್ನ

ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಊದುಬತ್ತಿ ಮೊದಲಾದವುಗಳನ್ನು ಮನೆಯಲ್ಲಿಯೇ ಸಿದ್ಧಗೊಳಿಸಿ ಮಾರುವ ಕುಟುಂಬಗಳು ನಮ್ಮಲ್ಲಿ ಅನೇಕ. ಸರಕಿಗೆ ಯಾವ ಹೆಸರೆಂದು ಕೇಳಿದರೆ ಬಹುಮಂದಿ ಮನೆದೇವರ ಹೆಸರನ್ನೇ ಹೇಳುತ್ತಾರೆ. ಭಕ್ತಿಯ ದೃಷ್ಟಿಯಿಂದ ಅದು ಸಹಜ. ಆದರೆ ಆ ಹೆಸರು ತಮ್ಮೊಬ್ಬರದೇ ಆಗಿ ಉಳಿಯಬೇಕೆಂಬ ಆಸೆಯೂ ಇದ್ದರೆ, ಪೊಟ್ಟಣ ಅಚ್ಚು ಹಾಕಿಸುವ ಮೊದಲು ಕಾಯಿದೆಯ ಮಾತನ್ನು ಅರಿಯುವುದು ಲೇಸು.

ಒಬ್ಬರ ಸರಕನ್ನು ಮತ್ತೊಬ್ಬರ ಸರಕಿನಿಂದ ಬೇರ್ಪಡಿಸಿ ತೋರುವ ಗುರುತೇ ವ್ಯಾಪಾರ ಚಿಹ್ನೆ, ಅಂದರೆ ಟ್ರೇಡ್‌ಮಾರ್ಕ್. 1999ರಲ್ಲಿ ರಚಿತವಾಗಿ 2003ರಲ್ಲಿ ಜಾರಿಗೆ ಬಂದ ಕಾಯಿದೆಯು, ಸರಕಿನ ಗುಣವನ್ನಷ್ಟೇ ಬಣ್ಣಿಸುವ ಪದಗಳಿಗೆ ಸುಲಭವಾಗಿ ನೋಂದಣಿ ನೀಡದು. 'ರುಚಿಕರ ರೊಟ್ಟಿ' ಎಂಬ ಹೆಸರನ್ನು ಒಬ್ಬರಿಗೇ ಕೊಟ್ಟರೆ ಉಳಿದವರ ರೊಟ್ಟಿಯ ಗತಿಯೇನು?

ಊದುಬತ್ತಿಗೆ 'ರಾಮಾಯಣ' ಎಂದು ಹೆಸರಿಟ್ಟು ಅದು ತಮ್ಮದೇ ಎಂದು ಸಾಧಿಸಹೊರಟವರ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಪವಿತ್ರ ಗ್ರಂಥದ ಹೆಸರೊಂದನ್ನೇ ಯಾರೊಬ್ಬರೂ ತಮ್ಮ ಸ್ವತ್ತಾಗಿ ಪಡೆಯಲಾಗದೆಂದು 2015ರಲ್ಲಿ ತೀರ್ಪಾಯಿತು.

ಇನ್ನೊಂದು ನಿದರ್ಶನ ನಮ್ಮ ನಾಡಿನದೇ. ಕರ್ನಾಟಕ ಹಾಲು ಮಹಾಮಂಡಳವು 1985ರಿಂದ 'ನಂದಿನಿ' ಹೆಸರನ್ನು ಬಳಸುತ್ತಿದೆ. ಬೆಂಗಳೂರಿನ ನಂದಿನಿ ಡಿಲಕ್ಸ್ ಎಂಬ ಉಪಾಹಾರಗೃಹವು 1989ರಿಂದ ಅದೇ ಹೆಸರಿನಲ್ಲಿ ನಡೆದಿದೆ. ಉಪಾಹಾರಗೃಹದವರು ತಮ್ಮ ಹೆಸರನ್ನು ನೋಂದಾಯಿಸಹೋದಾಗ ಮಹಾಮಂಡಳ ವಿರೋಧಿಸಿತು. ವ್ಯಾಜ್ಯ ವರುಷಗಟ್ಟಲೆ ನಡೆದು, 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಹೊರತುಪಡಿಸಿ ಉಪಾಹಾರಗೃಹದವರ ಪರವಾಗಿ ತೀರ್ಪಿತ್ತಿತು. ನಂದಿನಿ ಎಂಬುದು ದೇವತೆಯ, ಪುರಾಣದ ಗೋವಿನ ಹೆಸರು. ಯಾರೂ ಹೊಸದಾಗಿ ಕಟ್ಟಿದ ಪದವಲ್ಲ ಎಂಬುದು ಅಲ್ಲಿ ಎಣಿಕೆಗೆ ಬಂದ ಅಂಶಗಳಲ್ಲೊಂದು. ಮನೆಮನೆಗೂ ಪರಿಚಿತವಾದ ಹಾಲಿನ ಹೆಸರಿಗೇ ಈ ಮಿತಿಯಿದ್ದರೆ ಹೊಸಬರ ಪಾಡನ್ನು ಊಹಿಸಬಹುದು. ದೇವರ ಹೆಸರುಗಳು ನೋಂದಣಿಯಾಗುವುದೇ ಇಲ್ಲವೆಂದಲ್ಲ. ಅನ್ಯರನ್ನು ತಡೆಯುವ ಬಲ ಅವುಗಳಿಗೆ ಕಡಿಮೆ. ಇದರಲ್ಲಿ ವಿಷಾದಪಡತಕ್ಕದ್ದೇನೂ ನಮಗೆ ಕಾಣದು. ಎಲ್ಲರೂ ಕೂಗುವ ಹೆಸರಿಗೆ ಬೇಲಿ ಹಾಕಲು ಹೊರಡುವುದೇ ವಿಚಿತ್ರ. ದೇವರ ಪಟ ಅಂಗಡಿಯ ಗೋಡೆಯ ಮೇಲಿರಲಿ. ಪೊಟ್ಟಣಕ್ಕೆ ತಾವೇ ಕಟ್ಟಿದ ಪದವಿರಲಿ.

ಹೆಸರು ಹೊಳೆದೊಡನೆ ವ್ಯಾಪಾರ ಚಿಹ್ನೆಗಳ ನೋಂದಣಿ ಇಲಾಖೆಯ ಅಂತರ್ಜಾಲ ತಾಣದಲ್ಲಿ ಅಂತಹುದೇ ಹೆಸರು ಮೊದಲೇ ಇದೆಯೇ ಎಂದು ಶೋಧಿಸಬೇಕು. ಉಚ್ಚಾರಣೆಯಲ್ಲಿ ಹೋಲುವುದೂ ಅಡ್ಡಿಯೇ. ಸರಕು-ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಲಾಗಿದೆ; ರೊಟ್ಟಿ 30ನೆಯದಕ್ಕೆ, ಊದುಬತ್ತಿ 3ನೆಯದಕ್ಕೆ ಸೇರುತ್ತದೆ. 2017ರ ನಿಯಮಗಳಂತೆ ವ್ಯಕ್ತಿಗಳು ಅಂತರ್ಜಾಲದ ಮೂಲಕ ಸಲ್ಲಿಸುವ ಅರ್ಜಿಗೆ ಪ್ರತಿ ವರ್ಗಕ್ಕೂ ಶುಲ್ಕ 4,500 ರೂ. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತದೆ. ಪರಿಶೀಲನೆಯ ಬಳಿಕ ಇಲಾಖೆಯ ಪತ್ರಿಕೆಯಲ್ಲಿ ಪ್ರಕಟವಾದ ಹೆಸರಿಗೆ ನಾಲ್ಕು ತಿಂಗಳೊಳಗೆ ಯಾರಾದರೂ ತಕರಾರು ಸಲ್ಲಿಸಬಹುದು. ನೋಂದಣಿಯ ಅವಧಿ 10 ವರ್ಷ, ಬಳಿಕ ನವೀಕರಿಸಬೇಕು.

ಈಗಾಗಲೇ ಒಂದು ಹೆಸರಿನಲ್ಲಿ ಮಾರುತ್ತಿರುವವರು ಹಳೆಯ ರಸೀದಿಗಳನ್ನು ರದ್ದಿಗೆ ಹಾಕಬಾರದು. ನಾಳೆ ಬೇರೊಬ್ಬರು ಅದೇ ಹೆಸರನ್ನು ನೋಂದಾಯಿಸಿಕೊಂಡರೂ, ಅವರಿಗಿಂತ ಮೊದಲಿನಿಂದ ಎಡೆಬಿಡದೆ ಬಳಸಿದವರ ಹಕ್ಕನ್ನು ಕಾಯಿದೆ ಕಾಯುತ್ತದೆ. ಅದನ್ನು ತೋರಿಸಿಕೊಡುವ ಸಾಕ್ಷಿ ಆ ರಸೀದಿಗಳೇ.