ನೀರು ಗಡಿ ದಾಟ್ತದ, ಎಚ್ಚರಿಕೆ ಯಾಕ ದಾಟೋದಿಲ್ಲ?

"ಉಜನಿಯಿಂದ ನೀರು ಬಿಟ್ಟಾರಂತ." ಮಳೆಗಾಲ ಬಂದರೆ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ ತಾಲೂಕುಗಳ ಭೀಮಾ ದಂಡೆಯ ನಮ್ಮ ಊರುಗಳಿಗೆ ಮುಟ್ಟುವ ಸುದ್ದಿ ಇಷ್ಟೇ. ಹೆಚ್ಚೆಂದರೆ ವಾಟ್ಸಾಪ್‌ನಲ್ಲಿ ಒಂದು ಮರಾಠಿ ಸಂದೇಶ, ಅದರಲ್ಲಿ ಇಷ್ಟು ಸಾವಿರ ಕ್ಯೂಸೆಕ್ಸ್ ಅಂತ ಒಂದು ಅಂಕಿ. ಆ ನೀರು ನಮ್ಮೂರಿಗೆ ಎಷ್ಟೊತ್ತಿಗೆ ಬರ್ತದ? ಯಾವ ಸೇತುವೆ ಮುಳುಗ್ತದ? ಮೋಟಾರ್ ಯಾವಾಗ ಎತ್ತಬೇಕು, ದನಕರ ಯಾವಾಗ ಬಿಚ್ಚಬೇಕು? ಹೇಳುವವರಿಲ್ಲ.

ನಮ್ಮ ಹೊಳಿಗೆ ಮಹಾಪೂರ ಬರಲು ನಮ್ಮಲ್ಲಿ ಮಳೆ ಆಗಬೇಕೆಂದೇನಿಲ್ಲ. ಪುಣೆ ಕಡೆಯ ಘಟ್ಟದ ಮಳೆಯೇ ಸುಮಾರು 117 ಟಿಎಂಸಿಯ ಉಜನಿಯನ್ನು ತುಂಬಿಸುತ್ತದೆ. ಕೆಳಗೆ ಹತ್ತರಸಂಗ ಕೂಡಲದಲ್ಲಿ ಸೀನಾ ಬಂದು ಸೇರುತ್ತದೆ. ಬೇಸಿಗೆಗಾಗಿ ಜಲಾಶಯ ತುಂಬಿಸಿಡುವುದು ತಪ್ಪಲ್ಲ, ರೈತರಿಗೂ ಅದೇ ಬೇಕು. ಆದರೆ ತುಂಬಿದ ಮೇಲೆ ಮತ್ತೆ ದೊಡ್ಡ ಮಳೆ ಬಂದರೆ ನೀರಿಗೆ ಜಾಗ ಎಲ್ಲಿ? 2020ರ ಅಕ್ಟೋಬರ್‌ನಲ್ಲಿ ಆಗಿದ್ದು ಇದೇ. ಸೊಲ್ಲಾಪುರ, ವಿಜಯಪುರ, ಕಲಬುರಗಿ ಜಿಲ್ಲೆಗಳ ಹೊಳಿದಂಡೆ ಒಟ್ಟಿಗೇ ಮುಳುಗಿತು. 2025ರ ಸೆಪ್ಟೆಂಬರ್‌ನಲ್ಲಿ ಸೀನಾ ಉಕ್ಕಿ ಸೊಲ್ಲಾಪುರ-ವಿಜಯಪುರ ಹೆದ್ದಾರಿಯೇ ಬಂದಾಯಿತು.

ಮಳೆಯ ಮುನ್ಸೂಚನೆ ಹವಾಮಾನ ಇಲಾಖೆಯದು. ಹೊಳಿಯ ಮಟ್ಟ ನೋಡುವುದು ಕೇಂದ್ರ ಜಲ ಆಯೋಗ. ಗೇಟು ಎತ್ತುವುದು ರಾಜ್ಯದ ಜಲಸಂಪನ್ಮೂಲ ಇಲಾಖೆ. ಜನರನ್ನು ಎಬ್ಬಿಸಿ ಕಳಿಸುವುದು, 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ. ಇವರಲ್ಲಿ ಯಾರೂ ಕೆಲಸ ಮಾಡೋದಿಲ್ಲ ಅಂತ ನಾವು ಹೇಳುತ್ತಿಲ್ಲ. ಆದರೆ ಜಿಲ್ಲಾ ಪ್ರಾಧಿಕಾರದ ಅಧಿಕಾರ ಜಿಲ್ಲೆಯ ಗಡಿಗೆ ಮುಗೀತದ, ಹೊಳಿ ಮುಗಿಯೋದಿಲ್ಲ. ಆಚೆ ದಂಡೆಗೆ ಇಂಡಿ, ಚಡಚಣ, ಅಫಜಲಪುರ. ಅಲ್ಲಿ ಇನ್ನೊಂದು ಸರ್ಕಾರ, ಇನ್ನೊಂದು ಕಂಟ್ರೋಲ್ ರೂಮ್. ಎರಡೂ ರಾಜ್ಯ ಕೂತು ಮಾತಾಡಲಿ ಅಂತಲೇ 1956ರಲ್ಲಿ ನದಿ ಮಂಡಳಿ ಕಾಯ್ದೆ ಬಂತು. ಅದರಡಿ ಇಂದಿಗೂ ಒಂದೇ ಒಂದು ಮಂಡಳಿ ರಚನೆಯಾಗಿಲ್ಲ.

ಇನ್ನು ಭಾಷೆ. ತಾಲೂಕಿನಲ್ಲಿ ಶೇ. 15ರಷ್ಟು ಜನ ಆಡುವ ಭಾಷೆಯಲ್ಲಿ ಮುಖ್ಯ ಸರ್ಕಾರಿ ಸೂಚನೆಗಳು ಪ್ರಕಟವಾಗಬೇಕು ಎಂಬುದು ಭಾಷಾ ಅಲ್ಪಸಂಖ್ಯಾತರಿಗೆ ಒಪ್ಪಿಕೊಂಡ ರಕ್ಷಣೆ. ಅಕ್ಕಲಕೋಟದಲ್ಲಿ ನಾವು ಅದಕ್ಕಿಂತ ಎಷ್ಟೋ ಹೆಚ್ಚಿದ್ದೇವೆ. ಪ್ರಾಣ ಉಳಿಸುವ ಸೂಚನೆಗಿಂತ ಮುಖ್ಯವಾದ ಸೂಚನೆ ಯಾವುದು? ಮರಾಠಿಯ ಮೇಲೆ ನಮಗೆ ಸಿಟ್ಟಿಲ್ಲ. ರಾತ್ರಿ ಎರಡಕ್ಕೆ ಫೋನ್ ಬಡಿದಾಗ ಮನೆಯ ಅಜ್ಜಿಗೂ ತಿಳಿಯಬೇಕು, ಅಷ್ಟೇ.

ನೀರು ಇಳಿದ ಮೇಲೂ ತ್ರಾಸು ಮುಗಿಯೋದಿಲ್ಲ. ಬ್ಯಾಂಕಿನ ಕೌಂಟರ್ ಹಿಂದೆ ಕೂತು ನಾವು ನೋಡಿದ್ದೇವೆ. ಸಾತ್‌ಬಾರಾ ಉತಾರದಲ್ಲಿ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಕನ್ನಡದ ಹೆಸರು ಮರಾಠಿಗೆ, ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಅಕ್ಷರ ಬದಲಾಗಿರುತ್ತದೆ. ಪರಿಹಾರದ ಹಣ ಅಲ್ಲೇ ಸಿಕ್ಕಿಬೀಳುತ್ತದೆ.

ನಮ್ಮ ಬೇಡಿಕೆ ಇಷ್ಟು:

1. ಜೂನ್‌ನಿಂದ ಅಕ್ಟೋಬರ್ ಕೊನೆವರೆಗೆ ಸೊಲ್ಲಾಪುರ, ವಿಜಯಪುರ, ಕಲಬುರಗಿಗೆ ಒಂದೇ ಸಮನ್ವಯ ಕೊಠಡಿ.
2. ಎಚ್ಚರಿಕೆಯಲ್ಲಿ ಬರೇ ಕ್ಯೂಸೆಕ್ಸ್ ಬೇಡ. ಊರಿನ ಹೆಸರು, ನೀರು ಮುಟ್ಟುವ ಹೊತ್ತು, ಮುಳುಗುವ ರಸ್ತೆ ಬೇಕು.
3. ಮೊಬೈಲ್ ಸಂದೇಶ, ಧ್ವನಿವರ್ಧಕ, ಡಂಗುರ ಮೂರೂ ಕನ್ನಡದಲ್ಲೂ ಇರಲಿ.
4. ಪಂಚನಾಮೆಯ ಪ್ರತಿ ಕನ್ನಡದಲ್ಲೂ ಸಿಗಲಿ, ಹೆಸರು ತಿದ್ದುಪಡಿ ಊರಲ್ಲೇ ಆಗಲಿ.

ಇದು ಭೀಮೆಯ ಕಥೆ ಮಾತ್ರ ಅಲ್ಲ. ಕೊಡಗು, ಸುಳ್ಯದಲ್ಲಿ ಮಳೆ ಸುರಿದರೆ ಪಯಸ್ವಿನಿ ಏರುವುದು ಕಾಸರಗೋಡಿನಲ್ಲಿ.

ಬಂಧುಗಳೇ, ಮೇ 1ಕ್ಕೆ ಮಹಾರಾಷ್ಟ್ರದ ಊರೂರಲ್ಲಿ ಗ್ರಾಮಸಭೆ ಇರುತ್ತದೆ, ಮಳೆಗೆ ಒಂದು ತಿಂಗಳು ಮೊದಲು. ಈ ನಾಲ್ಕು ಮಾತು ಅಲ್ಲಿ ಠರಾವಾಗಲಿ, ಪ್ರತಿ ತಹಶೀಲ್ದಾರರಿಗೆ ಹೋಗಲಿ, ಪೋಚ್ ತಗೊಂಡು ಇಟ್ಟುಕೊಳ್ಳಿ. ನೀರು ಬಂದ ಮೇಲೆ ಅರ್ಜಿ ಬರೆದು ಉಪಯೋಗವಿಲ್ಲ.