ಭಾಗವತರಿಗೆ ಗ್ರಾಫಿಕ್ಸ್ ಕಾರ್ಡ್ ಬೇಕೆ?

ಮೊದಲೇ ಹೇಳಿಬಿಡುತ್ತೇನೆ, ಇದು ಸ್ವಲ್ಪ ಸಿಟ್ಟಿನ ಬರಹ. ಎರಡು ತಿಂಗಳಿಂದ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದೆ. ಮೊನ್ನೆ ಭಾನುವಾರ ರಾತ್ರಿ ಅಳಿಯನ ಜೊತೆ ಫೋನಿನಲ್ಲಿ ಒಂದು ಗಂಟೆ ವಾದ ಮಾಡಿದ ಮೇಲೆ, ಇನ್ನು ಬರೆಯದೇ ಇದ್ದರೆ ನಿದ್ದೆ ಬರೋದಿಲ್ಲ ಅನ್ನಿಸಿತು.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ರೋಲ್‌ಪ್ಲೇಯಿಂಗ್ ಗೇಮ್ ಅಂತ ಒಂದು ಆಟ ಇದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಇದಕ್ಕೆ ಮೂಲ. ನಾಲ್ಕೈದು ಜನ ಕೂರುತ್ತಾರೆ. ಒಬ್ಬ ಕತೆ ನಡೆಸುತ್ತಾನೆ, ಅವನಿಗೆ ಗೇಮ್ ಮಾಸ್ಟರ್ ಅನ್ನುತ್ತಾರೆ. ಉಳಿದವರದು ಒಂದೊಂದು ಪಾತ್ರ. ನನ್ನ ಪಾತ್ರ ಹೀಗೆ ಮಾಡುತ್ತದೆ, ಹೀಗೆ ಹೇಳುತ್ತದೆ ಅಂತ ಬಾಯಲ್ಲೇ ಹೇಳುವುದು. ಅದು ಸಾಧ್ಯವಾಯಿತೋ ಇಲ್ಲವೋ ಎನ್ನುವುದನ್ನು ದಾಳ ತೀರ್ಮಾನಿಸುತ್ತದೆ. ಅಷ್ಟೇ.

ನಾನು ಉತ್ತರ ಕನ್ನಡದವನು. ಡೊಂಬಿವಲಿಗೆ ಬಂದು ಮೂವತ್ತೆರಡು ವರ್ಷ ಆಯಿತು. ಅಳಿಯ ಮೊದಲ ಸಲ ಈ ಆಟ ವಿವರಿಸಿದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ - "ಇದು ತಾಳಮದ್ದಳೆ ಅಲ್ವೇನೋ?" ವೇಷ ಇಲ್ಲ, ಬಣ್ಣ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಚಾಪೆ ಮೇಲೋ ಕುರ್ಚಿ ಮೇಲೋ ಕೂತು ಆ ಕ್ಷಣಕ್ಕೆ ಹೊಳೆದ ಮಾತಿನಲ್ಲೇ ಕೃಷ್ಣನಾಗುತ್ತಾರೆ, ಕರ್ಣನಾಗುತ್ತಾರೆ. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ, ಮಾತೆಲ್ಲ ಆಡುವವನದ್ದು. ವ್ಯತ್ಯಾಸ ಇಷ್ಟೇ, ನಮ್ಮಲ್ಲಿ ಕರ್ಣ ಗೆಲ್ಲುವ ಹಾಗಿಲ್ಲ. ಇಲ್ಲಿ ದಾಳ ಬಿದ್ದರೆ ಗೆದ್ದೂ ಬಿಡಬಹುದು.

2020ರ ಲಾಕ್‌ಡೌನಿನಲ್ಲಿ ನಮ್ಮ ಆಟ ಶುರುವಾಯಿತು. ನಾನು ಡೊಂಬಿವಲಿಯಲ್ಲಿ, ಅಳಿಯ ಬೆಂಗಳೂರಿನಲ್ಲಿ, ಅವನ ಸ್ನೇಹಿತ ಪುಣೆಯಲ್ಲಿ, ನನ್ನ ಹಳೇ ಸಹೋದ್ಯೋಗಿ ಒಬ್ಬರು ಹೈದರಾಬಾದಿನಲ್ಲಿ. ಐದನೆಯವರು ನಮ್ಮ ಭಾವ. ಸಿದ್ದಾಪುರದ ಕಡೆ ಹಳ್ಳಿಯಲ್ಲಿದ್ದಾರೆ, ನಿವೃತ್ತ ಮೇಷ್ಟ್ರು, ಹವ್ಯಾಸಿ ಅರ್ಥಧಾರಿ. ಅವರ ಹತ್ತಿರ ಇರುವುದು ಒಂದು ಹಳೇ ಲ್ಯಾಪ್‌ಟಾಪು, ಒಂದು ಸಾಧಾರಣ ಫೋನು, ಮಳೆ ಬಂದರೆ ಕಣ್ಣು ಮುಚ್ಚುವ ನೆಟ್‌ವರ್ಕು. ಆಟ ಪೂರ್ತಿ ಕನ್ನಡದಲ್ಲೇ. ನಕ್ಷೆ ಬೇಕಾದಾಗ ಕಾಗದದಲ್ಲಿ ಗೀಚಿ ಫೋಟೋ ಕಳಿಸುತ್ತಿದ್ದೆವು. ದಾಳ ಅವರವರ ಮನೆಯಲ್ಲಿ, ನಂಬಿಕೆಯ ಮೇಲೆ.

ನಮ್ಮ ಗುಂಪಿನಲ್ಲಿ ಅತ್ಯುತ್ತಮ ಆಟಗಾರರು ಯಾರು ಅಂದರೆ ಭಾವನೇ. ಒಮ್ಮೆ ಸೇತುವೆ ಕಾಯುವ ಕಾವಲುಗಾರ ನಮ್ಮನ್ನು ತಡೆದ. ಉಳಿದವರೆಲ್ಲ ಕತ್ತಿ ಹಿಡಿದು ನಿಂತೆವು. ಭಾವ ಇಪ್ಪತ್ತು ನಿಮಿಷ ಆ ಕಾವಲುಗಾರನ ಜೊತೆ ಧರ್ಮ-ಅಧರ್ಮ, ಸಂಬಳ, ಮಗಳ ಮದುವೆ ಎಲ್ಲ ಮಾತಾಡಿದರು. ಕೊನೆಗೆ ಅಳಿಯ (ಅವನೇ ಗೇಮ್ ಮಾಸ್ಟರ್) "ಸಾಕು ಮಾಮಾ, ದಾಳ ಬೇಡ, ಹೋಗಿ" ಅಂತ ಬಿಟ್ಟುಬಿಟ್ಟ. ಆ ರಾತ್ರಿ ನಾವು ನಕ್ಕಿದ್ದು ಇವತ್ತಿಗೂ ನೆನಪಿದೆ.

ಇಂಥ ಆಟಕ್ಕೆ ಕಲ್ಲು ಬಿದ್ದದ್ದು ಈ ವರ್ಷ. ಅಳಿಯನಿಗೆ ವರ್ಚುವಲ್ ಟೇಬಲ್‌ಟಾಪ್‌ನ ಹುಚ್ಚು ಹತ್ತಿತು. ಅಂದರೆ ಆಟದ ಮೇಜನ್ನೇ ಕಂಪ್ಯೂಟರ್ ಪರದೆ ಮೇಲೆ ತರುವ ತಂತ್ರಾಂಶ. ನಕ್ಷೆ, ಪಾತ್ರದ ಬಿಲ್ಲೆ, ದಾಳ, ಲೆಕ್ಕ ಎಲ್ಲ ಅದರಲ್ಲೇ. ಮೂರು ವಾರ ಆಟ ನಿಲ್ಲಿಸಿ ಅದನ್ನು ಸಜ್ಜು ಮಾಡಿದ. ನಾಲ್ಕನೇ ವಾರ ಪರದೆ ತೆರೆದರೆ ಅಬ್ಬಾ! ದೀವಟಿಗೆ ಉರಿಯುತ್ತಿದೆ, ಗೋಡೆಯ ಹಿಂದೆ ಕತ್ತಲು, ಮಳೆ ಸುರಿಯುತ್ತಿದೆ, ಹಿನ್ನೆಲೆ ಸಂಗೀತ ಬೇರೆ. ನಾನೂ ಬಾಯಿ ಬಿಟ್ಟುಕೊಂಡು ನೋಡಿದೆ, ಸುಳ್ಳು ಹೇಳೋದಿಲ್ಲ.

ಭಾವನ ಲ್ಯಾಪ್‌ಟಾಪು ಅದನ್ನು ತೆರೆಯಲೇ ಇಲ್ಲ. ಫೋನಿನಲ್ಲಿ ತೆರೆದರೆ ಅರ್ಧ ಕಾಣುತ್ತಿತ್ತು, ಅರ್ಧ ಇಲ್ಲ. "ಮಾಮಾ, ಟೋಕನ್ ಮೇಲೆ ಕ್ಲಿಕ್ ಮಾಡಿ, ಎಡಗಡೆ ಐಕಾನ್ ಒತ್ತಿ, ರಿಫ್ರೆಶ್ ಮಾಡಿ..." ಎರಡು ಭಾನುವಾರ ಇದೇ ಆಯಿತು. ಮೂರನೇ ಭಾನುವಾರ ಭಾವ ಫೋನ್ ಮಾಡಿ, "ನನ್ನಿಂದ ನಿಮ್ಮ ಆಟ ಕೆಡೂದು ಬ್ಯಾಡ ಮಾರಾಯಾ, ನೀವು ಆಡ್ಕಳ್ಳಿ" ಅಂದರು. ನಕ್ಕೇ ಹೇಳಿದರು. ಆಮೇಲೆ ಬರಲಿಲ್ಲ.

ಆ ತಂತ್ರಾಂಶದ ಹೆಸರು ಬೇಡ. ತಪ್ಪು ಅದರದ್ದಲ್ಲ, ಆರಿಸಿದ ನಮ್ಮದು.

ನನ್ನ ವಾದ ಇಷ್ಟು: ಆನ್‌ಲೈನ್ ಆಟಕ್ಕೆ ತಂತ್ರಾಂಶ ಆರಿಸುವಾಗ ಅದರ ಸೌಲಭ್ಯಗಳ ಪಟ್ಟಿಯನ್ನು ಕೊನೆಗೆ ನೋಡಿ. ಗುಂಪಿನಲ್ಲಿ ಎಲ್ಲರಿಗಿಂತ ಹಳೇ ಯಂತ್ರ ಯಾರ ಬಳಿ ಇದೆ, ಎಲ್ಲರಿಗಿಂತ ಕೆಟ್ಟ ನೆಟ್‌ವರ್ಕು ಯಾರದ್ದು, ಅವರಿಂದ ಶುರು ಮಾಡಿ. ಅವರ ಯಂತ್ರದಲ್ಲಿ ಓಡುವುದೇ ನಿಮ್ಮ ತಂತ್ರಾಂಶ. ಉಳಿದದ್ದೆಲ್ಲ ಷೋಕಿ.

ಅಳಿಯನ ಮೊದಲ ಉತ್ತರ - "ಮಾವ, ನಕ್ಷೆಯ ಫೈಲು ಬರೀ ಎರಡು ಎಂಬಿ, ಅದೇನು ಭಾರ?" ಇಲ್ಲೇ ಎಲ್ಲರೂ ಮೋಸ ಹೋಗೋದು. ಒಂದು ನಕ್ಷೆ ಉದ್ದಕ್ಕೆ 40 ಚೌಕ, ಅಗಲಕ್ಕೆ 30 ಚೌಕ ಇದೆ ಅಂದುಕೊಳ್ಳಿ. ಒಂದು ಚೌಕಕ್ಕೆ 100 ಪಿಕ್ಸೆಲ್ ಇಟ್ಟರೆ ಚಿತ್ರ 4000 ಗುಣಿಸು 3000, ಅಂದರೆ ಒಂದು ಕೋಟಿ ಇಪ್ಪತ್ತು ಲಕ್ಷ ಪಿಕ್ಸೆಲ್. ಫೈಲನ್ನು ಎಷ್ಟೇ ಹಿಂಡಿ ಸಣ್ಣದು ಮಾಡಿದರೂ, ಪರದೆ ಮೇಲೆ ಬಿಡಿಸುವಾಗ ಪ್ರತಿ ಪಿಕ್ಸೆಲ್‌ಗೆ 4 ಬೈಟ್ ಬೇಕೇ ಬೇಕು. ಲೆಕ್ಕ ಹಾಕಿ, 48 ಎಂಬಿ. ಅದೂ ಒಂದೇ ಒಂದು ನಕ್ಷೆಗೆ. ಅದರ ಮೇಲೆ ಬಿಲ್ಲೆಗಳು, ನೆರಳು-ಬೆಳಕಿನ ಲೆಕ್ಕ, ಸುರಿಯುವ ಮಳೆ. ಹಳೇ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ಪು ಅಲ್ಲೇ ಕೈ ಚೆಲ್ಲುತ್ತದೆ. ಚೌಕಕ್ಕೆ 50 ಪಿಕ್ಸೆಲ್ ಇಟ್ಟಿದ್ದರೆ ಇದೇ ನಕ್ಷೆ 12 ಎಂಬಿಗೆ ಇಳಿಯುತ್ತಿತ್ತು. ಕಣ್ಣಿಗೆ ಸ್ವಲ್ಪ ಮಸುಕು, ಭಾವನಿಗೆ ಬಾಗಿಲು ತೆರೆದಂತೆ. ಈ ಚೌಕಾಸಿ ಮಾಡುವ ತಾಳ್ಮೆ ಎಷ್ಟು ಜನಕ್ಕಿದೆ?

ಎರಡನೆಯದು ದುಡ್ಡಿನ ಮಾತು. ಇಲ್ಲಿ ಎರಡು ದಾರಿ ಇದೆ, ಬಾಡಿಗೆ ಮನೆ ಮತ್ತು ಸ್ವಂತ ಮನೆ. 2012ರಲ್ಲಿ ಶುರುವಾದ ರೋಲ್20 ಮೊದಲ ದಾರಿಯದು. ಬ್ರೌಸರಿನಲ್ಲೇ ಓಡುತ್ತದೆ, ಉಚಿತವಾಗಿಯೂ ಆಡಬಹುದು, ಹೆಚ್ಚಿನ ಸೌಲಭ್ಯ ಬೇಕಾದರೆ ಚಂದಾ. 2020ರ ಮೇ ತಿಂಗಳಲ್ಲಿ ಬಂದ ಫೌಂಡ್ರಿ ಎರಡನೇ ದಾರಿಯದು. ಗೇಮ್ ಮಾಸ್ಟರ್ ಒಬ್ಬ ಒಮ್ಮೆ ಪರವಾನಗಿ ಕೊಂಡರೆ ಮುಗಿಯಿತು, ಆಟಗಾರರು ದುಡ್ಡು ಕೊಡಬೇಕಾಗಿಲ್ಲ, ಕತೆಯ ಕಡತಗಳೆಲ್ಲ ನಿಮ್ಮ ಡಿಸ್ಕಿನಲ್ಲೇ ಇರುತ್ತವೆ. 2004ರಿಂದ ಇರುವ ಫ್ಯಾಂಟಸಿ ಗ್ರೌಂಡ್ಸ್ ಅನ್ನು ಪ್ರತಿಯೊಬ್ಬರೂ ಕಂಪ್ಯೂಟರಿನಲ್ಲಿ ಸ್ಥಾಪಿಸಿಕೊಳ್ಳಬೇಕು. ಮ್ಯಾಪ್‌ಟೂಲ್ ಕೂಡ ಹಾಗೇ, ಆದರೆ ಅದು ಮುಕ್ತ ತಂತ್ರಾಂಶ, ಪೂರ್ತಿ ಉಚಿತ.

ಬಾಡಿಗೆ ಮನೆಯಲ್ಲಿ ನಮ್ಮ ದೇಶದವರಿಗೆ ಒಂದು ಹೆಚ್ಚುವರಿ ತಲೆನೋವಿದೆ. 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂತಲ್ಲ, ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವುದಕ್ಕೆ ಮೊದಲೇ ಗ್ರಾಹಕರ ಒಪ್ಪಿಗೆ ದಾಖಲಾಗಬೇಕು ಅಂತ. ಆಗ ಎಷ್ಟೋ ವಿದೇಶಿ ಚಂದಾಗಳು ನಿಂತೇ ಹೋದವು. ನಿಯಮ ಒಳ್ಳೆಯದೇ, ನಮ್ಮ ರಕ್ಷಣೆಗೇ ಇರುವುದು. ಆದರೆ ಹೊರದೇಶದ ಕಂಪನಿಗೆ ಡಾಲರಿನಲ್ಲಿ ತಿಂಗಳು ತಿಂಗಳು ಕಟ್ಟುವ ಕೆಲಸ ನೆಚ್ಚಿಕೊಂಡು ಕೂರುವಂಥದ್ದಲ್ಲ.

ಹಾಗಾದರೆ ಸ್ವಂತ ಮನೆಯೇ ಸರಿ ಅಂತೀರಾ? ತಡೀರಿ. ಫೌಂಡ್ರಿಯಂಥದ್ದನ್ನು ನಿಮ್ಮ ಕಂಪ್ಯೂಟರಿನಿಂದಲೇ ಓಡಿಸಿದರೆ ಹೊರಗಿನವರು ಅದರೊಳಗೆ ಬರಬೇಕು, ಅದಕ್ಕೆ ರೌಟರಿನಲ್ಲಿ ಬಾಗಿಲು ತೆರೆಯಬೇಕು (ಮೊದಲೇ ನಿಗದಿಯಾಗಿರುವ ಪೋರ್ಟು 30000). ಅಮೆರಿಕದವರ ವಿಡಿಯೋ ನೋಡಿದರೆ ಐದು ನಿಮಿಷದ ಕೆಲಸ. ನಮ್ಮಲ್ಲಿ ಬಹಳಷ್ಟು ಇಂಟರ್ನೆಟ್ ಕಂಪನಿಗಳು ನೂರಾರು ಮನೆಗಳನ್ನು ಒಂದೇ ಹೊರ ವಿಳಾಸದ ಹಿಂದೆ ಕೂರಿಸಿರುತ್ತವೆ, ಸಿಜಿನ್ಯಾಟ್ ಅಂತಾರೆ. ದೊಡ್ಡ ಹೌಸಿಂಗ್ ಸೊಸೈಟಿಗೆ ಒಂದೇ ಗೇಟು, ಫ್ಲ್ಯಾಟ್ ನಂಬರು ವಾಚ್‌ಮನ್‌ಗೂ ಗೊತ್ತಿಲ್ಲ ಅಂದ ಹಾಗೆ. ನೀವು ನಿಮ್ಮ ಮನೆ ಬಾಗಿಲು ಎಷ್ಟು ತೆರೆದಿಟ್ಟರೂ ನೆಂಟರು ಗೇಟಿನಲ್ಲೇ ನಿಂತಿರುತ್ತಾರೆ. ಪರೀಕ್ಷೆ ಸುಲಭ. ರೌಟರಿನ ಪುಟದಲ್ಲಿ ತೋರಿಸುವ ಹೊರಗಿನ ವಿಳಾಸ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ, ನೀವೂ ಆ ಗೇಟಿನ ಹಿಂದೆಯೇ ಇದ್ದೀರಿ. ಆಗ ಟನಲ್ ಸೇವೆ ಹಾಕಿಕೊಳ್ಳಬೇಕು, ಇಲ್ಲವೇ ಬೇರೆ ಕಡೆ ಸರ್ವರ್ ಬಾಡಿಗೆ ಹಿಡಿಯಬೇಕು. ಕೊನೆಗೆ ಮತ್ತೆ ಬಾಡಿಗೆಗೇ ಬಂದ ಹಾಗಾಯಿತು! ಅಷ್ಟೆಲ್ಲ ಮಾಡಿದ ಮೇಲೆ, ದೊಡ್ಡ ಆವೃತ್ತಿ ಬದಲಾದಾಗಲೆಲ್ಲ ಜೋಡಿಸಿಕೊಂಡ ಮಾಡ್ಯೂಲುಗಳು ಮುರಿಯುವ ಭಯ. ಆಟಕ್ಕೆ ಹಿಂದಿನ ರಾತ್ರಿ ಅಪ್‌ಡೇಟ್ ಒತ್ತಿದವನಿಗೆ ದೇವರೇ ಗತಿ.

ಮೂರನೆಯದು, ದೊಡ್ಡವರ ಮಾತು ನಂಬಿ ಕೂರಬೇಡಿ. 2008ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸಿನ ನಾಲ್ಕನೇ ಆವೃತ್ತಿ ಬಂದಾಗ ಡಿಜಿಟಲ್ ಮೇಜು ಕೊಡುತ್ತೇವೆ ಅಂತ ಮಾತು ಕೊಟ್ಟಿದ್ದರು. 2010ರಲ್ಲಿ ಪರೀಕ್ಷಾರ್ಥ ರೂಪದಲ್ಲಿ ಬಂತು, 2012ರಲ್ಲಿ ಮುಚ್ಚಿತು. 2025ರ ಫೆಬ್ರವರಿಯಲ್ಲಿ 'ಸಿಜಿಲ್' ಎಂಬ ಮೂರು ಆಯಾಮದ ಮೇಜು ಬಂತು, ನೋಡಲು ಸಿನಿಮಾ ಥರ. ಮಾರನೇ ತಿಂಗಳೇ ಅದನ್ನು ಮಾಡಿದ ತಂಡದ ಬಹುಪಾಲು ಜನರನ್ನು ಮನೆಗೆ ಕಳಿಸಿದರು. 2023ರ ಜನವರಿಯಲ್ಲಿ ಇನ್ನೊಂದು ತಮಾಷೆ. ಅದೇ ಕಂಪನಿ, ವಿಜಾರ್ಡ್ಸ್ ಆಫ್ ದ ಕೋಸ್ಟ್, ಬೇರೆಯವರ ವರ್ಚುವಲ್ ಮೇಜುಗಳು ಹೇಗಿರಬೇಕು ಅಂತ ಕರಡು ನೀತಿ ಹೊರಡಿಸಿತು. ಮಂತ್ರದ ಬಾಣ ಪರದೆ ಮೇಲೆ ಹಾರುವ ಚಲನಚಿತ್ರ ತೋರಿಸಿದರೆ ಅದು ಮೇಜಿನ ಆಟವಲ್ಲ, ವಿಡಿಯೋ ಗೇಮ್ ಅನ್ನುವುದು ಅದರ ಧಾಟಿ. ಜನ ರೊಚ್ಚಿಗೆದ್ದರು. ಅದೇ ತಿಂಗಳ 27ಕ್ಕೆ ಕಂಪನಿ ಹಿಂದೆ ಸರಿದು, ಮೂಲ ನಿಯಮಗಳ ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ ಬಿಟ್ಟುಕೊಟ್ಟಿತು. ಅವರ ಉದ್ದೇಶ ವ್ಯಾಪಾರದ್ದೇ, ನನಗೇನು ಅನುಮಾನ ಇಲ್ಲ. ಆದರೂ ಒಂದು ಮಾತು ಮಾತ್ರ ಹಲ್ಲಿಗೆ ಸಿಕ್ಕಿದ ನಾರಿನಂತೆ ಉಳಿಯಿತು: ಬಾಣ ಪರದೆ ಮೇಲೆ ಹಾರಿದ ಮೇಲೆ ಮನಸ್ಸಿನಲ್ಲಿ ಹಾರಲು ಏನು ಉಳಿಯುತ್ತದೆ?

ಎದುರು ಪಕ್ಷಕ್ಕೂ ನ್ಯಾಯ ಕೊಡಬೇಕು. ಯುದ್ಧವೇ ಪ್ರಧಾನವಾದ ಆಟಗಳಲ್ಲಿ, ಯಾರು ಎಷ್ಟು ಅಡಿ ದೂರ, ಯಾರಿಗೆ ಯಾರು ಕಾಣುತ್ತಾರೆ ಅನ್ನುವುದೆಲ್ಲ ಮುಖ್ಯ. ಅಲ್ಲಿ ನಕ್ಷೆ ಬೇಕು, ಕೂಡಿಸು-ಕಳೆ ಲೆಕ್ಕವನ್ನು ಯಂತ್ರ ಮಾಡಿದರೆ ಸಮಯ ಉಳಿಯುತ್ತದೆ. ಕಿವಿ ಮಂದ ಇರುವವರಿಗೆ ಪರದೆ ಮೇಲಿನ ಬರಹ ದೊಡ್ಡ ಉಪಕಾರ. ದಾಳವೂ ಎಲ್ಲರ ಕಣ್ಣೆದುರು ಬೀಳುವುದರಿಂದ ಶಕುನಿ ಬಂದು ಕೂತರೂ ನಡೆಯೋದಿಲ್ಲ :-) ಅಳಿಯ ಹೇಳುವುದರಲ್ಲಿ ಇಷ್ಟು ಸತ್ಯ ಇದೆ, ಒಪ್ಪುತ್ತೇನೆ. ಆದರೆ "ಕಾಲಕ್ಕೆ ತಕ್ಕ ಹಾಗೆ ಎಲ್ಲರೂ ಅಪ್‌ಗ್ರೇಡ್ ಆಗಬೇಕು ಮಾವ" ಅಂದನಲ್ಲ, ಅದನ್ನು ಒಪ್ಪಲಾರೆ. ಭಾವ ಪಿಂಚಣಿಯಲ್ಲಿ ಬದುಕುವವರು. ಭಾನುವಾರದ ಎರಡು ಗಂಟೆ ಮಾತಿಗೋಸ್ಕರ ಅರವತ್ತು ಸಾವಿರದ ಲ್ಯಾಪ್‌ಟಾಪು ತಗೊಳ್ಳಿ ಅಂತ ಹೇಳುವ ಮುಖ ನನಗಿಲ್ಲ.

ನಾನು ಹೇಳುವ ಕ್ರಮ ಇದು. ಮೊದಲು ಬರೀ ಧ್ವನಿ ಕರೆಯಲ್ಲಿ ಒಂದು ಆಟ ಆಡಿ ನೋಡಿ. ನಕ್ಷೆ ಇಲ್ಲದೇ ಆಗೋದೇ ಇಲ್ಲ ಅನ್ನಿಸಿದರೆ ಔಲ್‌ಬೇರ್ ರೋಡಿಯೋದಂಥ ಹಗುರವಾದದ್ದನ್ನು ತೆಗೆದುಕೊಳ್ಳಿ. ಬ್ರೌಸರಿನಲ್ಲಿ ಕೊಂಡಿ ಒತ್ತಿದರೆ ನಕ್ಷೆ, ಬಿಲ್ಲೆ, ದಾಳ. ಅದಕ್ಕಿಂತ ಹೆಚ್ಚಿಗೆ ಏನೂ ಕೇಳದು, ಫೋನಿನಲ್ಲೂ ನಡೆಯುತ್ತದೆ. ವರ್ಷಗಟ್ಟಲೆ ನಡೆಯುವ ದೊಡ್ಡ ಕತೆ, ಎಲ್ಲರ ಬಳಿಯೂ ಒಳ್ಳೇ ಯಂತ್ರ ಇದೆ ಅಂದರೆ ಮಾತ್ರ ಫೌಂಡ್ರಿಗೆ ಹೋಗಿ. ಹೋದರೂ ಮಾಡ್ಯೂಲುಗಳನ್ನು ಬೆರಳೆಣಿಕೆಯಷ್ಟೇ ಇಟ್ಟುಕೊಳ್ಳಿ, ಅಪ್‌ಡೇಟಿಗೆ ಮೊದಲು ಡೇಟಾ ಫೋಲ್ಡರಿನ ಪ್ರತಿ ತೆಗೆದಿಡಿ. ಯಾವುದೇ ಇರಲಿ, ಆಟದ ದಿನಕ್ಕೆ ಮುಂಚೆ ನಿಮ್ಮ ಗುಂಪಿನ 'ಭಾವ'ನಿಂದ ಹತ್ತು ನಿಮಿಷ ತೆರೆಸಿ ನೋಡಿ. ಅವರಲ್ಲಿ ತೆರೆಯಲಿಲ್ಲವೋ, ಆ ತಂತ್ರಾಂಶ ನಪಾಸು. ಮರುಪರೀಕ್ಷೆ ಇಲ್ಲ.

ಊರಿಂದ ಇಷ್ಟು ದೂರ ಬಂದು ಕೂತ ನಮ್ಮಂಥವರಿಗೆ ಭಾನುವಾರ ರಾತ್ರಿ ಎರಡು ಗಂಟೆ ಮನಸಾರೆ ಕನ್ನಡ ಮಾತಾಡಲು ಸಿಗುವುದೇ ಅಪರೂಪ. ಇಡೀ ವಾರ ಆಫೀಸಿನಲ್ಲಿ ಹಿಂದಿ, ಲೋಕಲ್ ಟ್ರೇನಿನಲ್ಲಿ ಮರಾಠಿ, ಮನೆಯಲ್ಲಿ ಮಗಳ ಇಂಗ್ಲಿಷು. ಭಾವ ಹೋದ ಮೇಲೆ ನಮ್ಮ ಆಟದ ಭಾಷೆಯೇ ಬದಲಾಯಿತು. ಎಲ್ಲರೂ ಪರದೆ ನೋಡಿಕೊಂಡು "ಅಟ್ಯಾಕ್", "ಮೂವ್", "ಡನ್" ಅನ್ನುತ್ತಾ ಕೂರುತ್ತೇವೆ. ದೀವಟಿಗೆ ಮಾತ್ರ ಚೆನ್ನಾಗಿ ಉರಿಯುತ್ತಿದೆ.

ಮೊನ್ನೆಯ ಜಗಳದ ಕೊನೆಗೆ ಅಳಿಯ ಸುಮ್ಮನಾದ. ಸ್ವಲ್ಪ ಹೊತ್ತಾದ ಮೇಲೆ, "ನೀವೇ ಫೋನ್ ಮಾಡ್ತೀರಾ ಮಾವ, ನಾನು ಮಾಡ್ಲಾ?" ಅಂದ. ಕೆಡಿಸಿದವನು ನೀನು, ನೀನೇ ಮಾಡು ಅಂದೆ. ಮಾಡಿದನೋ ಇಲ್ಲವೋ ಗೊತ್ತಿಲ್ಲ. ಈ ಭಾನುವಾರ ನಾನಂತೂ ಕಾಗದ, ಪೆನ್ಸಿಲು, ದಾಳ ಹಿಡಿದು ಫೋನಿನ ಮುಂದೆ ಕೂರುವವನು. ಐದನೆಯವರು ಬಂದರೆ ಆಟ, ಬಾರದಿದ್ದರೆ ಆಟ ಇಲ್ಲ.

ನಿಮ್ಮ ಗುಂಪಿನಲ್ಲೂ ಇಂಥ ಒಬ್ಬರು ಇದ್ದರೇ? ಅವರು ಈಗ ಎಲ್ಲಿದ್ದಾರೆ?